ಪಂಜರವೂ ಬಂಧವೇ: ಶ್ರಾವಕಾಚಾರದ ಒಂದು ಅತಿಚಾರ ಮತ್ತು ಪ್ರಯೋಗಾಲಯದ ಇಲಿ

ವಿಜಯಪುರ ನಗರದ ಸಹಸ್ರಫಣಿ ಪಾರ್ಶ್ವನಾಥ ಬಸದಿಗೆ ಬರುವ ಯಾತ್ರಿಕರ ದೃಷ್ಟಿ ಮೊದಲು ನಿಲ್ಲುವುದು ತೀರ್ಥಂಕರನ ಶಿರದ ಮೇಲೆ ಹರಡಿದ ಹೆಡೆಗಳ ಮೇಲೆ. ಕಮಠನ ಜೀವವು ಒಡ್ಡಿದ ಉಪಸರ್ಗದ ವೇಳೆ ಧರಣೇಂದ್ರನು ಹೆಡೆಯೆತ್ತಿ ನಿಂತ ಪ್ರಸಂಗವನ್ನು ಆ ಬಿಂಬ ನೆನಪಿಸುತ್ತದೆ. ಆದರೆ ಧರಣೇಂದ್ರನ ಹಿಂದಿನ ಭವವನ್ನು ನೆನೆಯುವವರು ವಿರಳ. ಆ ಭವದಲ್ಲಿ ಅವನು ತನ್ನ ಸಂಗಾತಿಯೊಡನೆ ಮರದ ಕೊರಡೊಂದರ ಒಳಗೆ ಸಿಕ್ಕಿಕೊಂಡಿದ್ದ ಹಾವು. ಗುಣಭದ್ರರ ಉತ್ತರಪುರಾಣದಲ್ಲಿ ತಾಪಸನು ಕೊಡಲಿಯೆತ್ತಿದಾಗ ಕುಮಾರ ಪಾರ್ಶ್ವನು ಒಳಗೆ ಜೀವಗಳಿವೆಯೆಂದು ತಡೆಯುತ್ತಾನೆ. ತಾಪಸನು ಕೇಳದೆ ಕಡಿಯುತ್ತಾನೆ. ಬೇರೆ ಪರಂಪರೆಯ ಕಥನಗಳಲ್ಲಿ ಕೊರಡು ಆಗಲೇ ಉರಿಯುತ್ತಿರುತ್ತದೆ. ಎರಡರಲ್ಲಿಯೂ ಕಥೆಯ ಮೂಲಬಿಂದು ಒಂದೇ: ಹೊರಗಿನವನಿಗೆ ಕೇವಲ ಸೌದೆಯಾಗಿ ತೋರಿದ ವಸ್ತು ಒಳಗಿನ ಜೀವಕ್ಕೆ ಮನೆಯಾಗಿತ್ತು, ಆ ಮನೆಯೇ ಅದಕ್ಕೆ ಸೆರೆಯೂ ಆಯಿತು.

ಪಾರ್ಶ್ವನಾಥನ ಆರಾಧನೆ ಈ ನೆಲದಲ್ಲಿ ಆಳವಾಗಿ ಬೇರೂರಿದೆ. ತಿಕೋಟಾ ಸೀಮೆಯ ಬಾಬಾನಗರದ ಬಸದಿಯೂ ಪಾರ್ಶ್ವನಾಥನದೇ. ಅಭಿನವಪಂಪನೆಂದು ಹೆಸರಾದ ನಾಗಚಂದ್ರನು ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯಚರಿತ್ರೆಕಾರರು ಹೇಳುವುದು ಈ ವಿಜಯಪುರದಲ್ಲಿಯೇ. ಇದೇ ನಗರದ ಇನ್ನೊಂದು ಬಗೆಯ ಕಟ್ಟಡಗಳಲ್ಲಿ, ವೈದ್ಯಕೀಯ ಕಾಲೇಜುಗಳ ಪ್ರಾಣಿಗೃಹಗಳಲ್ಲಿ, ಬಿಳಿಯ ಇಲಿಗಳು ಪಂಜರಗಳಲ್ಲಿ ಬದುಕುತ್ತವೆ. ಬಸದಿಯೂ ಪ್ರಾಣಿಗೃಹವೂ ಒಂದೇ ಊರಿನಲ್ಲಿದ್ದರೂ ಅವುಗಳ ನಡುವೆ ಮಾತುಕತೆ ನಡೆದದ್ದು ಕಡಿಮೆ. ಜೈನರು ಪ್ರಯೋಗಾಲಯವನ್ನು ಕುರಿತು ಮಾತನಾಡುವಾಗ ಚರ್ಚೆಯೆಲ್ಲ ವಧೆಯ ಸುತ್ತಲೇ ಸುತ್ತುತ್ತದೆ. ವಧೆಗೆ ಮೊದಲಿನ ತಿಂಗಳುಗಳ ವಾಸ, ಅಂದರೆ ಪಂಜರ, ಪ್ರಶ್ನೆಯಾಗುವುದೇ ಇಲ್ಲ. ಆದರೆ ಶ್ರಾವಕಾಚಾರ ಸಾಹಿತ್ಯದಲ್ಲಿ ಅದು ಪ್ರತ್ಯೇಕವಾದ ಪ್ರಶ್ನೆಯಾಗಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಅದು ವಿಜ್ಞಾನಕ್ಕೂ ಪ್ರಶ್ನೆಯಾಯಿತು. ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ತಿಳಿಯುವುದೇನು ಎಂಬುದು ಇಲ್ಲಿಯ ವಿಚಾರ.

ದೊಡ್ಡಿ ಮತ್ತು ಪಂಜರ

ಸೆರೆಯಲ್ಲಿರುವ ಪ್ರಾಣಿಯನ್ನು ಕಂಡು ಕಥೆಯ ಗತಿಯೇ ಬದಲಾಗುವ ಪ್ರಸಂಗ ಜೈನ ಸಾಹಿತ್ಯದಲ್ಲಿ ನೇಮಿನಾಥನದು. ಮದುವೆಗೆಂದು ರಥವೇರಿ ಬರುವ ನೇಮಿಗೆ ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳು ಕಾಣುತ್ತವೆ. ಉತ್ತರಾಧ್ಯಯನ ಸೂತ್ರದ ಇಪ್ಪತ್ತೆರಡನೆಯ ಅಧ್ಯಯನವು ಅವು ದೊಡ್ಡಿಗಳಲ್ಲಿಯೂ ಪಂಜರಗಳಲ್ಲಿಯೂ ಇದ್ದುವೆಂದು ಎರಡನ್ನೂ ಬೇರೆಬೇರೆಯಾಗಿ ಹೇಳುತ್ತದೆ. ನೇಮಿಯು ಸಾರಥಿಯನ್ನು ಕೇಳುವ ಪ್ರಶ್ನೆಯೂ ಗಮನಾರ್ಹ. ಇವುಗಳನ್ನು ಕೊಲ್ಲುವುದೇಕೆ ಎಂದು ಅವನು ಕೇಳುವುದಿಲ್ಲ. ಸುಖವನ್ನು ಬಯಸುವ ಈ ಜೀವಗಳನ್ನು ಹೀಗೆ ತಡೆದಿಟ್ಟಿರುವುದೇಕೆ ಎಂದು ಕೇಳುತ್ತಾನೆ. ಮದುವೆಯೂಟಕ್ಕೆ ಎಂಬ ಉತ್ತರ ಆಮೇಲೆ ಬರುತ್ತದೆ. ಕಣ್ಣಿಗೆ ಬಿದ್ದದ್ದು ಬಂಧನ. ವಧೆ ಅದರ ಮುಂದಿನ ಸಂಗತಿ. ಗುಣಭದ್ರರ ಉತ್ತರಪುರಾಣದಲ್ಲಿ ಈ ಪ್ರಾಣಿಗಳನ್ನು ಕೂಡಿಹಾಕಿಸಿದವನು ಕೃಷ್ಣನೇ. ನೇಮಿಗೆ ವೈರಾಗ್ಯ ಹುಟ್ಟಲೆಂದು ಹೂಡಿದ ಉಪಾಯವದು. ಸೆರೆಯ ದೃಶ್ಯವೊಂದೇ ಮನಸ್ಸನ್ನು ತಿರುಗಿಸಲು ಸಾಕೆಂಬ ನಂಬಿಕೆ ಆ ಕಥನತಂತ್ರದ ಹಿಂದಿದೆ.

ಕನ್ನಡದಲ್ಲಿ ಈ ಕಥೆಗೆ ಗಟ್ಟಿಯಾದ ಪರಂಪರೆಯಿದೆ. ಕ್ರಿ.ಶ. 978ರ ಚಾವುಂಡರಾಯ ಪುರಾಣವು ತೀರ್ಥಂಕರರೆಲ್ಲರ ಚರಿತೆಯ ಜೊತೆಗೆ ನೇಮಿಯದನ್ನೂ ಗದ್ಯದಲ್ಲಿ ನಿರೂಪಿಸಿತು. ಹನ್ನೆರಡನೆಯ ಶತಮಾನದಲ್ಲಿ ಕರ್ಣಪಾರ್ಯನು ನೇಮಿನಾಥ ಪುರಾಣವನ್ನು ರಚಿಸಿದನು. ಅದೇ ಶತಮಾನದ ನೇಮಿಚಂದ್ರನ ಕೃತಿ ಕಂಸವಧೆಯ ಪ್ರಸಂಗಕ್ಕೇ ನಿಂತುಹೋದ ಕಾರಣ ‘ಅರ್ಧನೇಮಿ’ ಎಂದು ಪ್ರಸಿದ್ಧವಾಯಿತು. ಆ ಪ್ರೌಢ ಕವಿಯ ಲೇಖನಿ ದೊಡ್ಡಿಯ ಮುಂದೆ ರಥ ನಿಲ್ಲುವ ಘಳಿಗೆಯನ್ನು ಮುಟ್ಟಲೇ ಇಲ್ಲ.

ಪಂಜರದ ಕಥೆಯಾದರೋ ಜನ್ನನದು. 1209ರಲ್ಲಿ ಮುಗಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ತಿರ್ಯಗ್ಗತಿಯ ಹಲವು ಭವಗಳನ್ನು ದಾಟಿ ಕೊನೆಗೆ ಕೋಳಿಗಳಾಗಿ ಚಂಡಕರ್ಮನ ವಶಕ್ಕೆ ಬರುತ್ತಾರೆ. ಅಕಂಪನ ಮುನಿಯ ಧರ್ಮೋಪದೇಶ ಚಂಡಕರ್ಮನಿಗೆ ಕೇಳಿಸಿದಂತೆಯೇ ಪಂಜರದ ಕೋಳಿಗಳಿಗೂ ಕೇಳಿಸುತ್ತದೆ. ಅವುಗಳಿಗೆ ಪೂರ್ವಭವದ ಸ್ಮರಣೆ ಬರುತ್ತದೆ. ಹರ್ಷದಿಂದ ಅವು ಕೂಗುತ್ತವೆ. ಆ ಕೂಗನ್ನೇ ಗುರಿಯಾಗಿಸಿ ಯಶೋಮತಿ ಬಾಣ ಬಿಡುತ್ತಾನೆ. ಪಂಜರವನ್ನು ಇಟ್ಟವನಿಗೆ ಒಳಗಿರುವುದು ಕೋಳಿ. ಕವಿಗೆ ಮತ್ತು ಓದುಗನಿಗೆ ಅದು ಕೇಳುವ, ನೆನೆಯುವ, ಬಯಸುವ ಜೀವ. ಈ ಎರಡು ನೋಟಗಳ ನಡುವಿನ ಅಂತರವೇ ಆ ಪ್ರಸಂಗದ ದುರಂತ.

ಐದು ಅತಿಚಾರಗಳಲ್ಲಿ ಮೊದಲನೆಯದು

ಕಥೆಗಳಲ್ಲಿ ದೃಶ್ಯವಾಗಿ ಬಂದದ್ದು ಶಾಸ್ತ್ರದಲ್ಲಿ ಲಕ್ಷಣವಾಗಿ ಬರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೇ ಐದು, ಕ್ರಮ ಮಾತ್ರ ಬೇರೆ. ಕೊಲ್ಲುವುದಿಲ್ಲವೆಂದು ವ್ರತ ತೊಟ್ಟ ಗೃಹಸ್ಥನು ಕೊಲ್ಲದೆಯೇ ಮಾಡಬಹುದಾದ ತಪ್ಪುಗಳ ಪಟ್ಟಿ ಇದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಸೂಕ್ಷ್ಮವನ್ನು ಬಿಡಿಸಿ ತೋರಿಸುತ್ತಾರೆ. ಇಲ್ಲಿ ವಧವೆಂದರೆ ಪ್ರಾಣಹರಣವಲ್ಲ, ದೊಣ್ಣೆ ಚಾವಟಿಗಳಿಂದ ಹೊಡೆಯುವುದು. ಪ್ರಾಣಹರಣವನ್ನು ವ್ರತಿಯು ಮೊದಲೇ ಬಿಟ್ಟಿರುತ್ತಾನೆ. ಛೇದವೆಂದರೆ ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು. ಅತಿಭಾರಾರೋಪಣವೆಂದರೆ ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸುವುದು. ಅನ್ನಪಾನನಿರೋಧವೆಂದರೆ ದನಕರುಗಳನ್ನು ಹಸಿವು ನೀರಡಿಕೆಗಳಿಂದ ಬಾಧಿಸುವುದು.

ಇವೆಲ್ಲಕ್ಕೂ ಮೊದಲು ಬರುವ ಬಂಧಕ್ಕೆ ಪೂಜ್ಯಪಾದರು ಕೊಡುವ ಲಕ್ಷಣ ಹೆಚ್ಚು ಸೂಕ್ಷ್ಮವಾದುದು. ಅದರಲ್ಲಿ ಹಗ್ಗದ ಮಾತಿಲ್ಲ, ಸಂಕೋಲೆಯ ಮಾತಿಲ್ಲ, ನೋವಿನ ಮಾತೂ ಇಲ್ಲ. ಜೀವವು ತಾನು ಬಯಸಿದ ಎಡೆಗೆ ಹೋಗುವುದನ್ನು ತಡೆಯುವಂಥದ್ದು ಯಾವುದೋ ಅದು ಬಂಧ ಎಂಬುದು ಅದರ ತಾತ್ಪರ್ಯ. ಸಾಧನ ಯಾವುದು ಎಂಬುದು ಇಲ್ಲಿ ಗೌಣ. ಪ್ರಾಣಿಯ ಬಯಕೆಯೇ ಅಳತೆಗೋಲು. ಗಾಯವಾಗದಿದ್ದರೂ, ಹೊಟ್ಟೆ ತುಂಬಿದ್ದರೂ, ಬಂಧವು ಬಂಧವೇ. ಅನ್ನಪಾನನಿರೋಧವನ್ನು ಬೇರೆಯಾಗಿ ಹೇಳಿರುವುದರಿಂದ ಮೇವು ನೀರು ಕೊಟ್ಟ ಮಾತ್ರಕ್ಕೆ ಬಂಧದ ದೋಷ ಕಳೆಯಿತೆನ್ನುವಂತಿಲ್ಲ.

ಇದು ಒಕ್ಕಲುತನದ ಸಮಾಜಕ್ಕಾಗಿ ಹುಟ್ಟಿದ ನಿಯಮವೆಂಬುದು ಸ್ಪಷ್ಟ. ಡೋಣಿ ನದಿಯ ಕರಿನೆಲದಲ್ಲಿ, ಬಬಲೇಶ್ವರ ತಿಕೋಟಾಗಳ ಹೊಲಗಳಲ್ಲಿ, ಕೃಷ್ಣಾ ಕಣಿವೆಯ ತಳಿಯ ಮತ್ತು ಖಿಲಾರಿ ಎತ್ತುಗಳನ್ನು ಕಟ್ಟದೆ ಬೇಸಾಯವೇ ಇರಲಿಲ್ಲ. ಮೂಗುದಾರ, ಕಣ್ಣಿ, ಗೂಟ, ನೊಗ, ಹೇರು ಇವೆಲ್ಲ ಐದು ಅತಿಚಾರಗಳ ಎಲ್ಲೆಯಲ್ಲಿಯೇ ಬರುವ ವಸ್ತುಗಳು. ಆದುದರಿಂದ ಶ್ರಾವಕಾಚಾರದ ವ್ಯಾಖ್ಯಾನಕಾರರು ಕಟ್ಟುವುದನ್ನು ಪೂರ್ತಿ ನಿಷೇಧಿಸಲಿಲ್ಲ, ಅದಕ್ಕೆ ತಾರತಮ್ಯ ಮಾಡಿದರು. ನಿಷ್ಕಾರಣವಾಗಿ ಕಟ್ಟುವುದು ಸಲ್ಲದು. ಸಕಾರಣವಾಗಿ ಕಟ್ಟುವುದರಲ್ಲಿಯೂ ಎರಡು ಬಗೆ: ದಯೆಯ ಪರಿವೆಯಿಲ್ಲದೆ ಬಿಗಿಯಾಗಿ ಕಟ್ಟುವುದು ಒಂದು, ಪ್ರಾಣಿ ಅತ್ತಿತ್ತ ತಿರುಗಾಡಲು ಆಗುವಂತೆ, ಕೊಟ್ಟಿಗೆಗೆ ಬೆಂಕಿ ಬಿದ್ದರೆ ಬಿಡಿಸಿಕೊಳ್ಳುವಂತೆ ಸಡಿಲವಾಗಿ ಕಟ್ಟುವುದು ಇನ್ನೊಂದು. ಬೆಂಕಿಯ ಈ ಉದಾಹರಣೆಯನ್ನು ಓದುವಾಗ ಉರಿವ ಕೊರಡಿನೊಳಗಿನ ಹಾವು ನೆನಪಾಗದೆ ಇರದು.

ಇಲಿಯನ್ನು ಈ ಗ್ರಂಥಕಾರರು ಉದ್ದೇಶಿಸಿರಲಿಲ್ಲ. ಜೋಳದ ಹಗೇವಿಗೆ ನುಗ್ಗುವ ಇಲಿಯನ್ನು ಅಂದಿನ ಯಾವ ಒಕ್ಕಲಿಗನೂ ಸಾಕುತ್ತಿರಲಿಲ್ಲ. ಇಲಿಯನ್ನು ಸಾಕಿ, ತಳಿಯಾಗಿ ಬೆಳೆಸಿ, ಲಕ್ಷಗಟ್ಟಲೆ ಪಂಜರಗಳಲ್ಲಿ ಇರಿಸುವ ವ್ಯವಸ್ಥೆ ಬಂದದ್ದು ಬಹಳ ಈಚೆಗೆ.

ಪಂಜರಕ್ಕಾಗಿಯೇ ಬೆಳೆದ ಇಲಿ

ಪ್ರಯೋಗಾಲಯದ ಬಿಳಿ ಇಲಿ ಕಂದು ಇಲಿಯ ಸಾಕುತಳಿ. ಕಂದು ಇಲಿ ಬಿಲ ತೋಡುವ, ಗುಂಪಿನಲ್ಲಿ ಬಾಳುವ, ರಾತ್ರಿ ಸಂಚರಿಸುವ ಪ್ರಾಣಿ. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಹೆನ್ರಿ ಡೊನಾಲ್ಡ್‌ಸನ್, ಹೆಲೆನ್ ಡೀನ್ ಕಿಂಗ್ ಮೊದಲಾದವರು ಇದನ್ನು ವ್ಯವಸ್ಥಿತವಾಗಿ ಬೆಳೆಸಿದರು. ‘ವಿಸ್ಟಾರ್ ಇಲಿ’ ಎಂಬ ಹೆಸರು ಅಂದಿನಿಂದ ಲೋಕವ್ಯಾಪಿಯಾಯಿತು. ಎಲ್ಲ ಪ್ರಯೋಗಾಲಯಗಳಲ್ಲಿಯೂ ಒಂದೇ ತಳಿ, ಒಂದೇ ಆಹಾರ, ಒಂದೇ ಅಳತೆಯ ಪಂಜರ ಇದ್ದರೆ ಫಲಿತಾಂಶಗಳನ್ನು ಹೋಲಿಸಿ ನೋಡಬಹುದು ಎಂಬುದು ಇದರ ಹಿಂದಿನ ತರ್ಕ. ತರ್ಕ ದೃಢವಾದುದೇ. ಆದರೆ ಅದರಿಂದ ಒಂದು ಪರಿಣಾಮವಾಯಿತು: ಎಲ್ಲೆಡೆ ಒಂದೇ ಆದ ಕಾರಣ ಪಂಜರವು ಯಾರ ಕಣ್ಣಿಗೂ ಬೀಳದಂತಾಯಿತು. ಔಷಧವನ್ನು ಅಳೆದರು, ಆಹಾರವನ್ನು ತೂಗಿದರು, ಇಲಿಯನ್ನು ಪರೀಕ್ಷಿಸಿದರು. ಪಂಜರವನ್ನು ಪ್ರಭಾವವಿಲ್ಲದ ಹಿನ್ನೆಲೆಯೆಂದು ಎಣಿಸಿದರು.

ವಿಜಯಪುರವೂ ಈ ಚರಿತ್ರೆಯ ಭಾಗ. ಫ.ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾಯಿತು. ನಗರದ ವೈದ್ಯಕೀಯ ಕಾಲೇಜುಗಳ ಶರೀರಕ್ರಿಯಾಶಾಸ್ತ್ರ ವಿಭಾಗಗಳಿಂದ ನಿಕ್ಕಲ್, ಸೀಸ ಮುಂತಾದ ಲೋಹಗಳ ವಿಷಪರಿಣಾಮವನ್ನೂ ಅದರ ಶಮನಕ್ಕೆ ಸಿ ಜೀವಸತ್ವದ ಪಾತ್ರವನ್ನೂ ಬಿಳಿ ಇಲಿಗಳಲ್ಲಿ ಪರೀಕ್ಷಿಸಿದ ಪ್ರಬಂಧಗಳು ಪ್ರಕಟವಾಗಿವೆ. ಕಾರ್ಖಾನೆಗಳ ಕೆಲಸಗಾರರ ದೇಹಕ್ಕೆ ಸೇರುವ ವಿಷವನ್ನು ಅರಿಯುವುದು ಲೋಕಹಿತದ ಉದ್ದೇಶವೆಂಬುದರಲ್ಲಿ ಸಂಶಯವಿಲ್ಲ. ವ್ಯಾಖ್ಯಾನಕಾರರ ಮಾತಿನಲ್ಲಿ ಹೇಳುವುದಾದರೆ ಇದು ಸಕಾರಣ ಬಂಧ. ಬಿಗಿಯೋ ಸಡಿಲವೋ ಎಂಬುದು ಉಳಿಯುವ ಪ್ರಶ್ನೆ.

ಹಿನ್ನೆಲೆಯು ಮುನ್ನೆಲೆಗೆ ಬಂದ ಬಗೆ

ಪಂಜರವು ಪ್ರಭಾವವಿಲ್ಲದ ವಸ್ತುವಲ್ಲವೆಂದು ತೋರಿದವರು ಪ್ರಾಣಿದಯೆಯ ಪ್ರಚಾರಕರಲ್ಲ, ಪ್ರಯೋಗಕಾರರೇ. ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಕೆಲವು ಇಲಿಗಳನ್ನು ತನ್ನ ಮನೆಗೊಯ್ದು ಮಕ್ಕಳ ನಡುವೆ ಸಾಕಿದನು. ಮನೆಯಲ್ಲಿ ಓಡಾಡಿ ಬೆಳೆದ ಇಲಿಗಳು ಪಂಜರದಲ್ಲಿ ಬೆಳೆದವುಗಳಿಗಿಂತ ಚಕ್ರವ್ಯೂಹದ ಪರೀಕ್ಷೆಗಳಲ್ಲಿ ಮುಂದಿದ್ದುದನ್ನು 1947ರಲ್ಲಿ ವರದಿ ಮಾಡಿದನು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಜ್ವೈಗ್, ಡೇವಿಡ್ ಕ್ರೆಚ್, ಎಡ್ವರ್ಡ್ ಬೆನೆಟ್, ಮೇರಿಯನ್ ಡೈಮಂಡ್ ಇವರು ಇನ್ನೂ ಮುಂದೆ ಹೋದರು. ಕೆಲವು ಇಲಿಗಳನ್ನು ದೊಡ್ಡ ಪಂಜರದಲ್ಲಿ ಗುಂಪಾಗಿ, ಬದಲಾಗುತ್ತಿದ್ದ ಆಟದ ವಸ್ತುಗಳೊಡನೆ ಇರಿಸಿದರು. ಅವುಗಳ ಒಡಹುಟ್ಟಿದವನ್ನು ಬರಿಯ ಪಂಜರದಲ್ಲಿ ಒಂಟಿಯಾಗಿ ಇರಿಸಿದರು. ಮೊದಲನೆಯ ಗುಂಪಿನ ಮಿದುಳಿನ ಹೊರಪದರವು ಎರಡನೆಯದಕ್ಕಿಂತ ಭಾರವಾಗಿಯೂ ದಪ್ಪವಾಗಿಯೂ ಇತ್ತು. ವಾಸವು ನಡತೆಯನ್ನಷ್ಟೇ ಅಲ್ಲ, ಮಿದುಳಿನ ರಚನೆಯನ್ನೂ ಬದಲಿಸುತ್ತದೆಯೆಂಬುದು ಆ ಕಾಲಕ್ಕೆ ಅನಿರೀಕ್ಷಿತ ಸಂಗತಿ.

ಒಂಟಿತನವೊಂದೇ ದೋಷವಲ್ಲ. ಜಾನ್ ಕ್ಯಾಲ್‌ಹೂನ್ 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳಿಗೆ ಆಹಾರ, ನೀರು, ಗೂಡಿನ ಸಾಮಗ್ರಿ ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಎಡೆಗೆ ಮಾತ್ರ. ಸಂಖ್ಯೆ ಏರಿದಂತೆ ತಾಯಿಯಿಲಿಗಳು ಗೂಡು ಕಟ್ಟುವುದನ್ನು ಮರೆತವು, ಮರಿಗಳು ಅನಾಥವಾಗಿ ಸತ್ತವು, ಗಂಡಿಲಿಗಳಲ್ಲಿ ಕೆಲವು ಎಲ್ಲರ ಮೇಲೆ ಎರಗಿದವು, ಕೆಲವು ಎಲ್ಲದರಿಂದಲೂ ಹಿಂದೆ ಸರಿದವು. ಮನುಷ್ಯರ ನಗರಗಳಿಗೆ ಇದನ್ನು ನೇರವಾಗಿ ಅನ್ವಯಿಸಿದವರು ಅವಸರಪಟ್ಟರೆಂಬುದು ನಂತರದ ವಿಮರ್ಶೆ. ಆದರೂ ಹೊಟ್ಟೆ ತುಂಬಿದ್ದರೂ ಬಾಳು ಕೆಡಬಹುದೆಂಬ ಮಾತು ನಿಂತಿತು.

1970ರ ದಶಕದ ಕೊನೆಯಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ರೂಸ್ ಅಲೆಕ್ಸಾಂಡರ್ ಮತ್ತು ಸಹೋದ್ಯೋಗಿಗಳು ‘ರ‍್ಯಾಟ್ ಪಾರ್ಕ್’ ಎಂಬ ವಿಶಾಲ ಆವರಣವನ್ನು ಕಟ್ಟಿದರು. ಒಂಟಿ ಪಂಜರದ ಇಲಿಗಳು ಮಾರ್ಫಿನ್ ಬೆರೆಸಿದ ಸಿಹಿನೀರನ್ನು ಹೆಚ್ಚು ಕುಡಿದವು. ಆವರಣದಲ್ಲಿ ಗುಂಪಾಗಿ ಬಾಳಿದವು ಬಹಳ ಕಡಿಮೆ ಕುಡಿದವು. ಇದನ್ನು ಮರಳಿ ಮಾಡಿ ನೋಡಿದ ಎಲ್ಲರಿಗೂ ಇದೇ ಫಲ ದೊರೆಯಲಿಲ್ಲವಾದ್ದರಿಂದ ಈ ಪ್ರಯೋಗವನ್ನು ಅಂತಿಮ ಪ್ರಮಾಣವೆನ್ನಲಾಗದು. ಅದು ಎತ್ತಿದ ಸಂದೇಹ ಮಾತ್ರ ದೊಡ್ಡದು: ವ್ಯಸನವನ್ನು ಕುರಿತು ಇಲಿಗಳಿಂದ ಕಲಿತ ಪಾಠಗಳಲ್ಲಿ ಎಷ್ಟು ಮಾದಕವಸ್ತುವಿನ ಗುಣ, ಎಷ್ಟು ಪಂಜರದ ಗುಣ?

2004ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಎಮ್ಮಾ ಹಾರ್ಡಿಂಗ್, ಎಲಿಜಬೆತ್ ಪಾಲ್, ಮೈಕಲ್ ಮೆಂಡ್ಲ್ ಇವರ ಪ್ರಯೋಗವು ಇಲಿಯ ಮನಃಸ್ಥಿತಿಯನ್ನೇ ಮುಟ್ಟಿತು. ಒಂದು ನಾದ ಕೇಳಿದರೆ ಸನ್ನೆ ಒತ್ತಿ ಆಹಾರ ಪಡೆಯಬಹುದು, ಇನ್ನೊಂದು ಕೇಳಿದರೆ ಒತ್ತದೆ ಇದ್ದು ಕರ್ಕಶ ಸದ್ದನ್ನು ತಪ್ಪಿಸಿಕೊಳ್ಳಬೇಕು ಎಂದು ಇಲಿಗಳಿಗೆ ಕಲಿಸಿದರು. ಬಳಿಕ ಕೆಲವು ಇಲಿಗಳ ವಾಸವನ್ನು ಅನಿಶ್ಚಿತಗೊಳಿಸಿದರು: ಹಾಸು ಒದ್ದೆಯಾಗುವುದು, ಪಂಜರ ಓರೆಯಾಗುವುದು, ಅಪರಿಚಿತ ಇಲಿ ಬಂದು ಸೇರುವುದು, ಹಗಲಿರುಳು ಅದಲುಬದಲಾಗುವುದು. ಎರಡಕ್ಕೂ ನಡುವಣ, ಅರ್ಥ ಸಂದಿಗ್ಧವಾದ ನಾದವನ್ನು ಕೇಳಿಸಿದಾಗ ಈ ಇಲಿಗಳು ಒಳಿತನ್ನು ನಿರೀಕ್ಷಿಸಿ ಮುಂದೆ ಬರುವುದು ತಡವಾಯಿತು, ಕಡಿಮೆಯೂ ಆಯಿತು. ಮನೆ ಕೆಟ್ಟಿದ್ದರೆ ಇಲಿಯೂ ಕೆಟ್ಟದ್ದನ್ನೇ ನಿರೀಕ್ಷಿಸುತ್ತದೆ. ಜನ್ನನ ಪಂಜರದ ಕೋಳಿಗಳಿಗೆ ಮನಸ್ಸಿತ್ತೆಂಬುದು ಕಾವ್ಯದ ಮಾತು. ಪಂಜರದ ಇಲಿಗೂ ನಿರೀಕ್ಷೆಯೆಂಬುದು ಇದೆಯೆನ್ನುವುದಕ್ಕೆ ಈಗ ಅಳೆದು ತೋರಿಸಿದ ಸಾಕ್ಷ್ಯವಿದೆ.

ಪೂಜ್ಯಪಾದರ ಲಕ್ಷಣಕ್ಕೆ ಇನ್ನೂ ಸಮೀಪ ಬರುವ ಸಾಕ್ಷ್ಯವೂ ಇದೆ. ಸಾಮಾನ್ಯ ಪಂಜರದ ಎತ್ತರ ಸುಮಾರು 20 ಸೆಂಟಿಮೀಟರಿನಷ್ಟು. ಬೆಳೆದ ಇಲಿ ಅದರಲ್ಲಿ ನೆಟ್ಟಗೆ ನಿಲ್ಲಲಾರದು. ಜೋವಾನಾ ಮಕೋವ್‌ಸ್ಕಾ ಮತ್ತು ಡೇನಿಯಲ್ ವೇರಿ 2016ರಲ್ಲಿ ತೋರಿಸಿದಂತೆ, ಎತ್ತರವೂ ಮಣ್ಣೂ ಏಣಿಯೂ ದೊರೆತ ಇಲಿಗಳು ಬೆಳೆದ ಮೇಲೂ ಪ್ರತಿದಿನ ಎದ್ದು ನಿಲ್ಲುತ್ತಿದ್ದವು, ಬಿಲ ತೋಡುತ್ತಿದ್ದವು, ಹತ್ತುತ್ತಿದ್ದವು. ಸಾಮಾನ್ಯ ಪಂಜರದವು ಮೈಯನ್ನು ಅಡ್ಡಡ್ಡಲಾಗಿ ಚಾಚಿ ಸೆಟೆಸುವುದು ಹೆಚ್ಚಿತ್ತು. ನಿಲ್ಲಲಾಗದ ದೇಹ ಬೇರೆ ದಾರಿ ಹುಡುಕಿಕೊಂಡಂತೆ ಅದು ಕಂಡಿತು. ಆಕ್ಸ್‌ಫರ್ಡಿನ ಮ್ಯಾನುಯೆಲ್ ಬರ್ಡೋಯ್ ಪ್ರಯೋಗಾಲಯದ 75 ಇಲಿಗಳನ್ನು ಬಯಲಿನ ಆವರಣಕ್ಕೆ ಬಿಟ್ಟು ಚಿತ್ರೀಕರಿಸಿದಾಗ, ತಲೆಮಾರುಗಳಿಂದ ಮಣ್ಣನ್ನೇ ಕಾಣದ ಆ ಜೀವಗಳು ಅಡಗುತಾಣ ಹುಡುಕಿದವು, ಬಿಲ ತೋಡಿದವು, ಹಾದಿಗಳನ್ನು ಮಾಡಿಕೊಂಡವು. ನೂರು ವರ್ಷಗಳ ಪಂಜರವಾಸ ಬಯಕೆಯನ್ನು ಅಳಿಸಿರಲಿಲ್ಲ.

ಬೆಂಗಳೂರಿನ ಒಂದು ಸಾಕ್ಷ್ಯ

ಈ ವಿಷಯದಲ್ಲಿ ಕನ್ನಡ ನಾಡಿನದೇ ಆದ ಮಹತ್ವದ ಕೆಲಸ ನಡೆದದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾ ವಿಭಾಗದಲ್ಲಿ. ಬಿ.ಎಸ್. ಶಂಕರನಾರಾಯಣ ರಾವ್, ಟಿ.ಆರ್. ರಾಜು ಮತ್ತು ಅವರ ಸಹಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಳೆದ ಇಲಿಗಳನ್ನು ದಿನಕ್ಕೆ 6 ಗಂಟೆಗಳಂತೆ 21 ದಿನ ಅಲುಗಾಡದಂತೆ ಬಂಧಿಸಿ ಇಡಲಾಯಿತು. ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಹೊಸ ಕೋಶಗಳು ಹುಟ್ಟುವುದು ಇದರಿಂದ ಕುಗ್ಗಿತು. ಕವಲುದಾರಿಗಳ ಪರೀಕ್ಷೆಯಲ್ಲಿ ಕಲಿಕೆಯೂ ಕುಂದಿತು. ಅನಂತರ ಅವೇ ಇಲಿಗಳಿಗೆ ದಿನಕ್ಕೆ 6 ಗಂಟೆಗಳಂತೆ 10 ದಿನ ಸಮೃದ್ಧವಾದ ಪರಿಸರವನ್ನು ಒದಗಿಸಿದಾಗ ಕೋಶಗಳ ಹುಟ್ಟು ಮರಳಿತು, ಕಲಿಕೆ ಸುಧಾರಿಸಿತು. ಔಷಧವಿಲ್ಲದೆ, ವಾಸದ ಬದಲಾವಣೆಯಿಂದಲೇ ಆದ ಚೇತರಿಕೆಯಿದು. ಖಿನ್ನತೆಯಿಂದ ಬಳಲುವ ಮನುಷ್ಯರ ಆರೈಕೆಗೂ ಇದರಲ್ಲಿ ಸೂಚನೆಗಳಿವೆ.

ಶ್ರಾವಕಾಚಾರದ ಓದುಗನಿಗೆ ಈ ಪ್ರಯೋಗ ಎರಡು ಅಲಗಿನದು. ಬಂಧದ ಹಾನಿಯನ್ನು ತೋರಿಸಲು ಮೊದಲು ಬಂಧವನ್ನೇ ಮಾಡಬೇಕಾಯಿತು; ಈ ಸಂಕಟವನ್ನು ಜಾರಿಸಿ ಮಾತನಾಡುವುದು ಸಲ್ಲದು. ಅಷ್ಟೇ ಮುಖ್ಯವಾಗಿ, ಬಂಧದಿಂದಾದ ಕೇಡು ಬಿಡುಗಡೆಯಿಂದ ತಿದ್ದಿಕೊಳ್ಳಬಲ್ಲದು ಎಂಬುದೂ ಅದರಿಂದಲೇ ತಿಳಿಯಿತು. ಈ ತಿಳಿವಳಿಕೆ ದೊರೆತ ಮೇಲೆ ಉಳಿದ ಪಂಜರಗಳನ್ನು ಹಾಗೆಯೇ ಬಿಗಿಯಾಗಿ ಇಟ್ಟಿರುವುದಕ್ಕೆ ಅಜ್ಞಾನದ ನೆಪವಿಲ್ಲ.

ಬಂಧವನ್ನು ಇಲಿಯೇ ಹೇಗೆ ಕಾಣುತ್ತದೆಂಬುದಕ್ಕೆ ಶಿಕಾಗೋದಿಂದ 2011ರಲ್ಲಿ ಉತ್ತರ ಬಂತು. ಇನ್ಬಾಲ್ ಬೆನ್ ಆಮಿ ಬಾರ್ಟಲ್, ಜೀನ್ ಡೆಸೆಟಿ, ಪೆಗ್ಗಿ ಮೇಸನ್ ಇವರ ಪ್ರಯೋಗದಲ್ಲಿ ಮುಕ್ತವಾಗಿದ್ದ ಇಲಿಯು ಕೊಳವೆಯೊಳಗೆ ಸಿಕ್ಕಿದ ತನ್ನ ಪಂಜರಸಂಗಾತಿಯನ್ನು ಬಾಗಿಲು ತೆರೆದು ಬಿಡಿಸಲು ಕಲಿಯಿತು. ಪಕ್ಕದ ಕೊಳವೆಯಲ್ಲಿ ಚಾಕೊಲೇಟ್ ಇದ್ದಾಗಲೂ ಎರಡನ್ನೂ ತೆರೆಯಿತು. ಹಲವು ಬಾರಿ ತಿನಿಸು ಹಂಚಿಕೆಯೂ ಆಯಿತು. ಅದು ಕರುಣೆಯೇ, ಸಂಗಾತಿಯ ಒಡನಾಟದ ಬಯಕೆಯೇ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ತಡೆದಿಟ್ಟ ಜೀವವು ಇನ್ನೊಂದು ಜೀವದ ಗಮನಕ್ಕೆ ಬಂತೆಂಬುದರಲ್ಲಿ ಮಾತ್ರ ವಾದವಿಲ್ಲ.

ಕಾಯಿದೆಯಲ್ಲಿ ಐದು ದೋಷಗಳು

ಸ್ವತಂತ್ರ ಭಾರತದ ಶಾಸನವೂ ಈ ಪ್ರಶ್ನೆಯನ್ನು ಎದುರಿಸಿದೆ. ನೃತ್ಯಕಲಾವಿದೆಯಾಗಿ ಪ್ರಸಿದ್ಧರಾದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ, 1890ರ ಬ್ರಿಟಿಷ್ ಕಾಲದ ಕಾಯಿದೆಯ ಸ್ಥಾನದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಅದರ 11ನೆಯ ಪ್ರಕರಣವನ್ನು ಓದಿದರೆ ಹೊಡೆಯುವುದು, ಅತಿಭಾರ ಹೊರಿಸುವುದು, ಅಂಗಚ್ಛೇದ, ಆಹಾರ ನೀರು ಕೊಡದಿರುವುದು, ಅಕಾರಣವಾಗಿ ಕಟ್ಟಿಹಾಕುವುದು ಎಲ್ಲವೂ ಅಪರಾಧಗಳಾಗಿ ಬರುತ್ತವೆ. ಉದ್ದ, ಅಗಲ, ಎತ್ತರಗಳಲ್ಲಿ ಪ್ರಾಣಿಯ ಚಲನೆಗೆ ಸಾಕಷ್ಟು ಎಡೆಯಿಲ್ಲದ ಪಂಜರದಲ್ಲಿ ಇರಿಸುವುದೂ ಅಪರಾಧವೇ. ಐದು ಅತಿಚಾರಗಳೂ ಅಲ್ಲಿವೆ. ಇದನ್ನು ಕಂಡು ಕಾಯಿದೆಯು ಶ್ರಾವಕಾಚಾರದಿಂದ ಬಂತೆಂದು ಹೇಳಬಾರದು. ಅದರ ವಂಶಾವಳಿ ಬೇರೆ. ಪ್ರಾಣಿಗಳೊಡನೆ ದುಡಿದು ಬಾಳಿದ ಎರಡು ಸಮಾಜಗಳು ಮನುಷ್ಯನ ಕೈಯಿಂದಾಗುವ ತಪ್ಪುಗಳನ್ನು ಎಣಿಸಹೊರಟಾಗ ಒಂದೇ ಪಟ್ಟಿಗೆ ಬಂದವೆಂಬುದಷ್ಟೇ ಇತಿಹಾಸ ಹೇಳುವ ಮಾತು.

ಅದೇ ಕಾಯಿದೆ ಜ್ಞಾನವೃದ್ಧಿಗಾಗಿ ನಡೆಯುವ ಪ್ರಯೋಗಗಳನ್ನು 14ನೆಯ ಪ್ರಕರಣದಲ್ಲಿ ಕಾನೂನುಬಾಹಿರವಲ್ಲವೆಂದು ಬಿಟ್ಟು, 15ನೆಯ ಪ್ರಕರಣದಲ್ಲಿ ಅವುಗಳ ಮೇಲ್ವಿಚಾರಣೆಗೆ ಸಮಿತಿಯನ್ನು ಕಲ್ಪಿಸಿತು. 1998ರ ನಿಯಮಗಳಿಂದ ಪ್ರಯೋಗಕ್ಕೆ ಮುಂಚಿತ ಅನುಮತಿ, ಸಂಸ್ಥೆಗಳ ನೋಂದಣಿ ಕಡ್ಡಾಯವಾದವು. ಸಕಾರಣ ಬಂಧಕ್ಕೆ ಒಪ್ಪಿಗೆ, ಅದರ ಬಿಗಿತಕ್ಕೆ ಮಿತಿ ಎಂಬ ವ್ಯಾಖ್ಯಾನಕಾರರ ಹಳೆಯ ವಿವೇಚನೆಯೇ ಇಲ್ಲಿಯೂ ಕಾಣುತ್ತದೆ. ಪಂಜರವನ್ನು ಸಮೃದ್ಧಗೊಳಿಸಿದರೆ ಫಲಿತಾಂಶಗಳ ಏಕರೂಪತೆ ಕೆಡುತ್ತದೆಂಬ ಆಕ್ಷೇಪವನ್ನು ವಿಜ್ಞಾನಿಗಳಲ್ಲಿ ಕೆಲವರು ಎತ್ತಿದ್ದುಂಟು. ಮೌಸ್ ಎಂಬ ಚಿಕ್ಕ ಜಾತಿಯ ಇಲಿಗಳ ಮೇಲೆ ಮೂರು ಪ್ರಯೋಗಾಲಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು ಆ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿತು.

ಎರಡು ಬಂಧಗಳು

ಇಷ್ಟನ್ನು ಕಂಡ ಮೇಲೆ ಪ್ರಾಚೀನರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ಹೆಮ್ಮೆಪಡುವ ಚಾಪಲ್ಯ ಸುಲಭವಾಗಿ ಬರುತ್ತದೆ. ಅದು ತಪ್ಪು. ಹಿಪ್ಪೋಕ್ಯಾಂಪಸ್ಸಿನ ಕೋಶಗಳು ಪೂಜ್ಯಪಾದರಿಗೆ ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಶ್ರಾವಕಾಚಾರದ ಕಾಳಜಿ ಮುಖ್ಯವಾಗಿ ಕಟ್ಟುವವನ ಆತ್ಮವನ್ನು ಕುರಿತದ್ದು: ಪ್ರಮಾದದಿಂದ ಕಟ್ಟಿದವನ ವ್ರತ ಮಲಿನವಾಗುತ್ತದೆ. ಪ್ರಯೋಗವಿಜ್ಞಾನದ ಸಾಕ್ಷ್ಯ ಕಟ್ಟಿಸಿಕೊಂಡ ಜೀವವನ್ನು ಕುರಿತದ್ದು. ಒಂದು ಆಚಾರದ ಮಾತು, ಇನ್ನೊಂದು ಅಳತೆಯ ಮಾತು. ಅವು ಒಂದನ್ನೊಂದು ಸಮರ್ಥಿಸುವುದಿಲ್ಲ. ಒಂದು ಬಿಟ್ಟ ಎಡೆಯನ್ನು ಇನ್ನೊಂದು ತುಂಬುತ್ತದೆ.

ಆದರೆ ಬಂಧವೆಂಬ ಪದಕ್ಕೆ ಜೈನದರ್ಶನದಲ್ಲಿ ಇನ್ನೊಂದು ಅರ್ಥವಿದೆ. ಸಪ್ತತತ್ತ್ವಗಳಲ್ಲಿ ಒಂದಾದ ಬಂಧವು ಜೀವಕ್ಕೆ ಕರ್ಮ ಅಂಟುವುದು. ಪ್ರಾಣಿಯನ್ನು ಕಟ್ಟಿದವನು ತಾನೂ ಕಟ್ಟಿಗೆ ಒಳಗಾಗುತ್ತಾನೆಂಬ ಧ್ವನಿ ಆ ಒಂದೇ ಪದದಲ್ಲಿದೆ. ಪ್ರಯೋಗಾಲಯದ ಚರಿತ್ರೆಯಲ್ಲಿ ಇದಕ್ಕೆ ಸದೃಶವಾದುದು ನಡೆದಿದೆ. ಇಲಿಯನ್ನು ಬರಿಯ ಪಂಜರದಲ್ಲಿಟ್ಟವರು ಇಲಿಯನ್ನು ಅರಿತೆವೆಂದು ಬಗೆದು, ದಶಕಗಳ ಕಾಲ ಪಂಜರದ ಫಲವನ್ನೇ ಇಲಿಯ ಸ್ವಭಾವವೆಂದು ಬರೆದರು. ಬಂಧವು ದಯೆಗೆ ಮಾತ್ರವಲ್ಲ, ಸತ್ಯಕ್ಕೂ ಅಡ್ಡಿಯಾಯಿತು.

ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಒಂದು ಸಣ್ಣ ಕರ್ತವ್ಯವಿದೆ. ಬಂಧವನ್ನು ‘ಕಟ್ಟಿಹಾಕುವುದು’ ಎಂದಷ್ಟೇ ಅನುವಾದಿಸಿದರೆ ಹಗ್ಗವಿಲ್ಲದ ಪಂಜರ ಆ ಪದದ ಹೊರಗೆ ಉಳಿಯುತ್ತದೆ, ಆ ಸೂತ್ರವೂ ಎತ್ತು ಎಮ್ಮೆಗಳ ಕಾಲಕ್ಕೆ ಸೇರಿದ ಹಳೆಯ ಮಾತಾಗುತ್ತದೆ. ಬಯಸಿದ ಎಡೆಗೆ ಹೋಗಗೊಡದಿರುವುದು ಎಂಬ ಪೂಜ್ಯಪಾದರ ಲಕ್ಷಣದೊಡನೆ ಓದಿದರೆ ಅದು ಬಬಲೇಶ್ವರದ ಕೊಟ್ಟಿಗೆಗೂ ವಿಜಯಪುರದ ಪ್ರಾಣಿಗೃಹಕ್ಕೂ ಸಮನಾಗಿ ಸಲ್ಲುತ್ತದೆ. ಪ್ರಾಣಿಗೃಹದಲ್ಲಿ ಇಲಿಗಳನ್ನು ನೋಡಿಕೊಳ್ಳುವ ವಿದ್ಯಾರ್ಥಿಯೊಬ್ಬನು ಪಂಜರದ ಎತ್ತರವನ್ನು ಕೇಳಿದರೆ, ಒಂಟಿಯಾಗಿಟ್ಟ ಇಲಿಗೆ ಜೊತೆಯೇಕಿಲ್ಲವೆಂದು ಕೇಳಿದರೆ, ಅವನು ಕೇಳುವುದು ನೇಮಿಯು ಸಾರಥಿಗೆ ಕೇಳಿದ ಪ್ರಶ್ನೆಯನ್ನೇ.